ಅಜ್ಜಿಯ ಹಲ್ಲಿನ ಅಚ್ಚು

"ನೀರು," ಅಂದರು ಲ್ಯಾಬ್ ಡಾಕ್ಟರು. "ಚಿಟಿಕೆ ಉಪ್ಪು, ಚಿಟಿಕೆ ಸಕ್ಕರೆ. ಅಷ್ಟೇ."

"ಇನ್ನೊಂದು ಸಲ ನೋಡಿ."

"ನೋಡಿದ್ದಾಯ್ತು ಇನ್ಸ್‌ಪೆಕ್ಟರಮ್ಮ. ನೋಡಿದ್ದನ್ನೇ ನೋಡಿ ನೋಡಿ ನನಗೇ ಬಾಯಾರಿಕೆ ಆಯ್ತು. ಬೇಕಾದ್ರೆ ನಿಮ್ಮೆದುರಿಗೇ ಕುಡಿದು ತೋರಿಸ್ಲಾ?"

ಅವಳು ಬೇಡವೆಂದು ತಲೆಯಾಡಿಸಿದಳು. ಕ್ರೀಡಾಂಗಣದ ಮೆಟ್ಟಿಲುಗಳ ಅಡಿಯಲ್ಲಿದ್ದ ಆ ಕೋಣೆಗೆ ಕಿಟಕಿಯಿರಲಿಲ್ಲ. ಮೇಲೆ ಜನ ಕಾಲು ಕುಟ್ಟಿದಾಗೆಲ್ಲ ಟ್ಯೂಬ್‌ಲೈಟು ನಡುಗುತ್ತಿತ್ತು. ಮೇಜಿನ ಮೇಲೆ, ಪ್ಲಾಸ್ಟಿಕ್ ಚೀಲದೊಳಗೆ, ಕಿತ್ತಳೆ ಮುಚ್ಚಳದ ಬಾಟಲಿ ಏನೂ ಅರಿಯದ ಕೂಸಿನ ಹಾಗೆ ನಿಂತಿತ್ತು.

ಇದೇ ಬಾಟಲಿಯನ್ನು ಅವಳು ನಿನ್ನೆ ಎತ್ತಿ ಹಿಡಿದಿದ್ದಳು. ನಿನ್ನೆ ಬೆಳಗಿನ ರಗ್ಬಿ ಪಂದ್ಯದಲ್ಲಿ ಆತಿಥೇಯ ತಂಡದ ನಾಯಕಿ ಚೆಂಡು ಅವುಚಿಕೊಂಡು ಓಡುತ್ತ, ಎದುರಿಗೆ ತಡೆಯುವವರು ಯಾರೂ ಇಲ್ಲದಾಗ, ಗೆರೆ ಮುಟ್ಟುವ ಮೊದಲೇ ಕುಸಿದು ನಿದ್ದೆಹೋಗಿದ್ದಳು. ರಕ್ತದಲ್ಲಿ ನಿದ್ದೆ ಬರಿಸುವ ಔಷಧಿ ಸಿಕ್ಕಿತ್ತು. ಅದನ್ನು ನೀರಿಗೆ ಬೆರೆಸಿದವನು ತಂಡದ ನೋವು-ಉಳುಕು ನೋಡುವ ಫಿಸಿಯೋ ಎಂದು ಇನ್ಸ್‌ಪೆಕ್ಟರಮ್ಮ ಎಲ್ಲ ದೇಶಗಳ ಕ್ಯಾಮೆರಾಗಳೆದುರು ಬೆರಳು ಚಾಚಿ ಹೇಳಿದ್ದಳು.

ಆ ಫಿಸಿಯೋ ಅವಳ ಸ್ವಂತ ಅಕ್ಕನ ಗಂಡ.

"ಬಾಟಲಿಯಲ್ಲಿ ಇಲ್ಲ ಅಂದ್ರೆ ಮತ್ತೆಲ್ಲಿ?" ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಅದನ್ನ ಹುಡುಕೋದು ನಿಮ್ಮ ಕೆಲಸ ಅಲ್ವಾ?" ಡಾಕ್ಟರು ಕೈಗವಸು ಕಳಚಿದರು. ಆಮೇಲೆ ಅವಳ ಮುಖ ನೋಡಿ ಸ್ವಲ್ಪ ಮೆತ್ತಗಾದರು. "ನುಂಗಿರಲೇಬೇಕು ಅಂತೇನಿಲ್ಲ. ಕೆಲವು ಔಷಧಿ ಕೆನ್ನೆಯ ಒಳಚರ್ಮಕ್ಕೆ ತಾಗಿದ್ರೂ ಸಾಕು, ನೆಟ್ಟಗೆ ರಕ್ತಕ್ಕೆ ಇಳಿಯುತ್ತೆ. ಆಟಕ್ಕೆ ಇಳಿಯೋ ಹೊತ್ತಲ್ಲಿ ಅವಳ ಬಾಯಲ್ಲಿ ಏನಿತ್ತು, ಅದನ್ನ ಹುಡುಕಿ."

ಬಾಗಿಲ ಹತ್ತಿರ ಹೋದವಳು ತಿರುಗಿದಳು. "ಡಾಕ್ಟ್ರೇ, ನಿನ್ನೆ ನಿಮ್ಮ ವರದಿ ಬರೋ ತನಕ ನಾನು ಕಾಯಬೇಕಿತ್ತು."

"ಹೌದು," ಅಂದರು ಅವರು. ಸಮಾಧಾನದ ಮಾತು ಒಂದೂ ಸೇರಿಸಲಿಲ್ಲ.

*

ಓಣಿಯಂಥ ಉದ್ದದ ಹಾದಿಯಲ್ಲಿ ಸಮಿತಿಯ ಅಧ್ಯಕ್ಷರು ಎದುರಾದರು. ದುಂಡು ಮುಖ, ಮಗು ಮಲಗಿಸುವಂಥ ಮೆಲುದನಿ. ಪೊಲೀಸ್ ಕೆಲಸ ಬಿಟ್ಟು ಮನೆಯಲ್ಲಿದ್ದವಳನ್ನು ಕರೆಸಿ ಈ ಟೂರ್ನಿಯ ತನಿಖೆ ವಹಿಸಿದವರು ಅವರೇ.

ವಿಷಯ ಕೇಳಿ ಅವರು ಅತ್ತಿತ್ತ ನೋಡಿದರು. "ಯಾರಿಗೆಲ್ಲ ಗೊತ್ತು?"

"ಡಾಕ್ಟರಿಗೆ, ನನಗೆ. ಈಗ ನಿಮಗೆ."

"ಹಾಗಾದ್ರೆ ಅಲ್ಲಿಗೇ ಇರಲಿ. ಸಂಜೆ ಫೈನಲ್ ಮುಗೀಲಿ, ಆಮೇಲೆ ಒಂದು ಸಣ್ಣ ಪ್ರಕಟಣೆ ಕೊಟ್ಟರಾಯ್ತು. ಈಗ ಹೇಳಿದ್ರೆ ನಮ್ಮ ಮಾನ ಹೋಗುತ್ತೆ. ನಿಮ್ಮದೂ."

"ನಮ್ಮ ಭಾವನ ಮಾನ?"

"ಒಂದು ದಿನ ಕಾದವರಿಗೆ ಇನ್ನೊಂದು ಸಂಜೆ ಭಾರ ಆಗುತ್ತಾ?"

ಅವಳು ಇಲ್ಲ ಅನ್ನಬೇಕಿತ್ತು. ಆದರೆ ಕತ್ತು ತಾನಾಗಿ ಹೂಂ ಅಂದಿತು. ಅಧ್ಯಕ್ಷರು ಹೋದ ಮೇಲೂ ಆ ಹೂಂಗುಟ್ಟಿದ ಕತ್ತನ್ನು ಹೊತ್ತು ಅವಳು ಅಲ್ಲೇ ನಿಂತಿದ್ದಳು. ನೆಲ ಬಾಯಿಬಿಟ್ಟರೆ ಸಾಕಿತ್ತು, ತಾನಾಗಿಯೇ ಇಳಿದುಹೋಗುತ್ತಿದ್ದಳು.

ಯಾಕೆ ಆತುರಪಟ್ಟೆ? ಉತ್ತರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅನುಮಾನಿಸಲು ಬೇರೆಯವರೂ ಇದ್ದರು. ನಾಯಕಿ ಬಿದ್ದ ಗಳಿಗೆಯಲ್ಲೇ ಅವಳ ಪಟ್ಟ ಉಪನಾಯಕಿಗೆ ಬಂದಿತ್ತು. ಹಿಂದಿನ ಸಂಜೆ ನಾಯಕಿಯ ಜೊತೆ ಕೋಚ್ ಬಾಯಿಗೆ ಬಾಯಿ ಕೊಟ್ಟು ಜಗಳವಾಡಿದ್ದ. ಇಬ್ಬರನ್ನೂ ನಿಧಾನವಾಗಿ ಕೂರಿಸಿ ವಿಚಾರಿಸಬಹುದಿತ್ತು. ಆದರೆ ಬಾಟಲಿ ಕೊಟ್ಟವರು ಭಾವ. 'ಏನು ಕೊಟ್ರಿ' ಅಂದರೆ 'ನೀರು' ಅಂದರು. 'ಏನಾದ್ರೂ ಮುಚ್ಚಿಡ್ತಿದ್ದೀರಾ' ಅಂದರೆ ತಲೆ ತಗ್ಗಿಸಿದರು.

ಆ ತಗ್ಗಿದ ತಲೆ ಅವಳಿಗೆ ಸಾಕಾಯಿತು. ದೀಪದ ಬುಡದಲ್ಲೇ ಕತ್ತಲೆ, ತನ್ನವನೆಂದು ಬಿಟ್ಟಳು ಅಂತ ನಾಳೆ ಯಾರೂ ಆಡಿಕೊಳ್ಳಬಾರದು. ಅದಕ್ಕೇ ಬೇರೆಯವರಿಗೆ ಕೊಡುವ ಅರ್ಧದಷ್ಟು ಸಮಯವನ್ನೂ ಭಾವನಿಗೆ ಕೊಡಲಿಲ್ಲ. ನ್ಯಾಯಕ್ಕಿಂತ ತಾನು ನ್ಯಾಯವಂತೆ ಅನ್ನಿಸಿಕೊಳ್ಳುವುದೇ ಹೆಚ್ಚಾಗಿತ್ತು. ಚಪ್ಪಾಳೆಯೂ ಬಿದ್ದಿತ್ತು.

ಹಾದಿಯ ಕೊನೆಯ ಟಿವಿಯ ಕೆಳಗೆ ಬೇರೆ ಬೇರೆ ದೇಶಗಳ ಹುಡುಗಿಯರು ಗುಂಪುಗಟ್ಟಿದ್ದರು. ನಿನ್ನೆಯ ದೃಶ್ಯವನ್ನೇ ಮತ್ತೆ ಹಾಕುತ್ತಿದ್ದರು. ನಾಯಕಿಯ ಓಟ, ಕುಸಿತ, ಆಮೇಲೆ ಇನ್ಸ್‌ಪೆಕ್ಟರಮ್ಮನ ಚಾಚಿದ ಬೆರಳು, ಕಾವಲುಗಾರರು ಕ್ರೀಡಾಂಗಣದಿಂದ ಹೊರಗಟ್ಟುತ್ತಿದ್ದ ಭಾವನ ಬಗ್ಗಿದ ಬೆನ್ನು. ಭಾಷೆ ಬೇರೆಯಾದರೂ ಆ ಹುಡುಗಿಯರು ಅವಳನ್ನು ಗುರುತಿಸಿ ಜಾಗ ಬಿಟ್ಟರು. ಒಬ್ಬಳು ಹೆಬ್ಬೆರಳು ಎತ್ತಿ ಭೇಷ್ ಅಂದಳು. ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಓಡಿಹೋಗಬೇಕು ಅನಿಸಿತು. ಹೋಗಲಿಲ್ಲ. ತನ್ನ ಮುಖಕ್ಕೆ ತಾನೇ ಬಳಿದ ಮಸಿ, ಕಣ್ಣುಬಿಟ್ಟು ನೋಡೇ ಬಿಡೋಣ ಅಂತ ಮತ್ತೊಂದು ಸುತ್ತಿಗೂ ನಿಂತಳು.

ಆಗ ಕಂಡಿತು. ಕುಸಿದವಳನ್ನು ವೈದ್ಯ ಸಿಬ್ಬಂದಿ ಮಗ್ಗುಲಾಗಿಸಿ, ಉಸಿರು ಕಟ್ಟದಿರಲೆಂದು ಬಾಯೊಳಗೆ ಬೆರಳು ಹಾಕಿ, ಏನನ್ನೋ ತೆಗೆದು ಪಕ್ಕದ ಮಾಸಿದ ಬಟ್ಟೆಯ ಬುಟ್ಟಿಗೆ ಎಸೆದರು. ಗುಲಾಬಿ ಬಣ್ಣದ, ಲಾಳದ ಆಕಾರದ ವಸ್ತು.

ಮೌತ್‌ಗಾರ್ಡು. ಹಲ್ಲು ಉದುರದಿರಲೆಂದು ಆಟಗಾರರು ಕಚ್ಚಿಕೊಳ್ಳುವ ಕವಚ. ಅದು ಆಟದುದ್ದಕ್ಕೂ ಬಾಯಲ್ಲೇ ಇರುತ್ತದೆ, ಕೆನ್ನೆಗೆ ಒತ್ತಿಕೊಂಡೇ ಇರುತ್ತದೆ.

*

ತಂಡದ ಬಟ್ಟೆಬರೆ, ಬೂಟು, ಚೆಂಡು ಎಲ್ಲದರ ಉಸ್ತುವಾರಿ ಹೊತ್ತ ಹೆಂಗಸನ್ನು ಎಲ್ಲರೂ ಕಿಟ್ಟಮ್ಮ ಅನ್ನುತ್ತಿದ್ದರು, ಕಿಟ್ ಕಾಯುವ ಅಮ್ಮ ಅನ್ನುವ ಅರ್ಥದಲ್ಲಿ. ಮಣ್ಣು ಮೆತ್ತಿದ ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದ ಆಕೆ ತಲೆಯೆತ್ತಲಿಲ್ಲ.

"ಏನು, ಇವತ್ತು ಯಾರ ಸರದಿ? ನಂದಾ?"

"ಅಜ್ಜಿಯ ಮೌತ್‌ಗಾರ್ಡ್ ಬೇಕಿತ್ತು ಕಿಟ್ಟಮ್ಮ."

ನಾಯಕಿಗೆ ಅಜ್ಜಿ ಅಂತ ಅಡ್ಡಹೆಸರು. ವಯಸ್ಸು ಇನ್ನೂ ಇಪ್ಪತ್ತನಾಲ್ಕಾದರೂ ಮೈದಾನದಲ್ಲಿ ಎಲ್ಲರನ್ನೂ ಮೊಮ್ಮಕ್ಕಳಂತೆ ಗದರುತ್ತಾಳೆ, ಪಂದ್ಯ ಮುಗಿದ ಮೇಲೆ ಎಲ್ಲರಿಗೂ ಉಂಡಿರಾ ಅಂತ ಕೇಳುತ್ತಾಳೆ, ಅದಕ್ಕೆ.

"ಹಲ್ಲಿನ ಚಪ್ಪಲೀನಾ?" ಕಿಟ್ಟಮ್ಮ ಎದ್ದು ಗೂಡಿನಿಂದ ನೀಲಿ ಡಬ್ಬಿ ತೆಗೆದು ಮೇಜಿಗೆ ಕುಕ್ಕಿದಳು. "ತಗೊಳ್ಳಿ."

ಒಳಗಿದ್ದದ್ದು ಹಳೆಯದು. ಕಚ್ಚಿ ಕಚ್ಚಿ ಸವೆದ ಗುರುತು, ಒಂದು ಕಡೆ ಓರೆಯಾದ ಕೋರೆಹಲ್ಲಿನ ಅಚ್ಚು.

"ಇದಲ್ಲ. ನಿನ್ನೆ ಬಾಯಿಂದ ತೆಗೆದದ್ದು. ಬುಟ್ಟಿಗೆ ಹಾಕಿದ್ರಲ್ಲ?"

"ಒಂದು ಬಾಯಿಗೆ ಎರಡು ಯಾಕಮ್ಮ?" ಅನ್ನುತ್ತಲೇ ಕಿಟ್ಟಮ್ಮ ಒಗೆಯದ ಬಟ್ಟೆಯ ಚೀಲಕ್ಕೆ ಕೈಹಾಕಿದಳು. ಬೆವರಿನ ಅಂಗಿ, ಟವೆಲು, ಮಂಡಿಪಟ್ಟಿ ಎಲ್ಲ ಹೊರಬಂದವು. ಚೀಲದ ತಳದಲ್ಲಿ ಕೈ ನಿಂತಿತು. "ಅಯ್ಯೋ. ಇದೆ."

ಅದು ಹೊಚ್ಚಹೊಸದು. ಇನ್ಸ್‌ಪೆಕ್ಟರಮ್ಮ ಚಿಮಟದಲ್ಲಿ ಹಿಡಿದು ಬೆಳಕಿಗೊಡ್ಡಿದಳು. ಅದೇ ಬಣ್ಣ, ಅದೇ ಓರೆ ಕೋರೆಹಲ್ಲು. ಆದರೆ ಕೆನ್ನೆಗೆ ತಾಗುವ ಕಡೆ, ಒಳಮಡಿಕೆಯಲ್ಲಿ, ಉಗುರಿನಷ್ಟು ಅಗಲದ ಟೊಳ್ಳು. ಅದರ ತಳದಲ್ಲಿ ಬಿಳಿಯ ಪೇಸ್ಟಿನಂಥದ್ದು ಒಣಗಿ ಕೂತಿತ್ತು.

"ಇದನ್ನ ಅಜ್ಜಿಯ ಸಾಮಾನಿನಲ್ಲಿ ಇಟ್ಟಿದ್ದು ಯಾರು?"

"ನನಗೇನು ಗೊತ್ತು? ಈ ಕೋಣೆಗೆ ಬೀಗ ಅಂತ ಒಂದಿದೆ, ಅದು ಹಾಕಿದ್ದಕ್ಕಿಂತ ಬಿಟ್ಟಿದ್ದೇ ಹೆಚ್ಚು." ಕಿಟ್ಟಮ್ಮ ಕಾಲುಚೀಲಗಳನ್ನು ಮತ್ತೆ ಕೈಗೆತ್ತಿಕೊಂಡಳು. ಕೆಳಗೆ ನೋಡುತ್ತಲೇ ಹೇಳಿದಳು. "ನನ್ನ ಈ ಸೊಂಟ ಇದೆಯಲ್ಲ, ಎದ್ದು ಕೂರೋ ಹಾಗೆ ಮಾಡಿದ್ದು ಆ ಫಿಸಿಯೋ ಸಾರು. ತಂಡಕ್ಕೆ ಅಂತ ಬಂದವರು, ಬಟ್ಟೆ ಎಣಿಸೋಳ ಸೊಂಟ ಯಾಕೆ ಮುಟ್ಟಬೇಕಿತ್ತು? ನೀವು ಅವರ ನೆಂಟರಂತೆ."

ಇನ್ಸ್‌ಪೆಕ್ಟರಮ್ಮ ಮೌತ್‌ಗಾರ್ಡನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಲ್ಯಾಬಿಗೆ ನಡೆದಳು.

ಲ್ಯಾಬ್ ಡಾಕ್ಟರು ಆ ಬಿಳಿಯದನ್ನು ಹತ್ತಿಕಡ್ಡಿಯಲ್ಲಿ ಒರೆಸಿ ಪರೀಕ್ಷೆಗೆ ಹಾಕಿ, ತಿರುಗಿ ಬಂದು, ಒಂದೇ ಮಾತು ಹೇಳಿದರು. "ಸಿಕ್ತು."

ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಓರೆ ಹಲ್ಲಿಗೆ ಅಷ್ಟು ಸರಿಯಾಗಿ ಕೂರುವಂಥದ್ದನ್ನು ಅಂಗಡಿಯಲ್ಲಿ ಕೊಳ್ಳಲಾಗುವುದಿಲ್ಲ. ಹಲ್ಲಿನ ಅಚ್ಚು ಇಟ್ಟುಕೊಂಡವರೇ ಮಾಡಬೇಕು. ಈ ತಂಡದ ಎಲ್ಲ ಹುಡುಗಿಯರ ಅಚ್ಚು ಇರುವುದು ಒಂದೇ ಕಡೆ, ಅವಳ ಅಕ್ಕನ ಕಾರ್ಖಾನೆಯಲ್ಲಿ.

*

ಕಾರ್ಖಾನೆ ಅನ್ನುವುದು ದೊಡ್ಡ ಮಾತು. ಮನೆಯ ಮುಂದಿನ ಕೋಣೆ, ಅಷ್ಟೆ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಬಿಳಿ ಗಾರೆಯ ದವಡೆಗಳು. ಅಕ್ಕ ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುತ್ತಾಳೆ. ತಂಡದ ಮೌತ್‌ಗಾರ್ಡುಗಳನ್ನು ಭಾವನ ಮಾತಿಗೆ ಒಪ್ಪಿ ಮಾಡಿಕೊಟ್ಟಿದ್ದಳು. ಕ್ರೀಡಾಂಗಣ ಇಲ್ಲಿಂದ ನಾಲ್ಕು ಬೀದಿ ಆಚೆ. ಗಾಳಿ ಈ ಕಡೆ ಬೀಸಿದಾಗ ಜನರ ಕೂಗು ಕೇಳುತ್ತಿತ್ತು.

ಬಾಗಿಲು ತೆರೆದೇ ಇತ್ತು. ಅಕ್ಕ ಮೊಣಕೈವರೆಗೆ ಬಿಳಿ ಪುಡಿ ಮೆತ್ತಿಕೊಂಡು ಯಂತ್ರದಲ್ಲಿ ಒಂದು ಹಲ್ಲು ತಿಕ್ಕುತ್ತಿದ್ದಳು. ತಂಗಿಯನ್ನು ನೋಡಿಯೂ ಯಂತ್ರ ನಿಲ್ಲಿಸಲಿಲ್ಲ. ಒಳಬಾಗಿಲ ಪಕ್ಕ ಕುರ್ಚಿಯಲ್ಲಿ ಭಾವ ಕೂತಿದ್ದರು. ಕೈಯಲ್ಲಿ ಒಂದು ಪಟ್ಟಿ ಬಟ್ಟೆ. ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

"ಭಾವ," ಅಂದಳು. "ಬಾಟಲಿಯಲ್ಲಿ ಏನೂ ಇರಲಿಲ್ಲ. ನಂದು ತಪ್ಪಾಯ್ತು."

ಯಂತ್ರ ನಿಂತಿತು.

"ಎಷ್ಟು ಜನರೆದುರು ಹೇಳಿದ್ದೆ ನಿನ್ನೆ?" ಅಕ್ಕ ಕೇಳಿದಳು.

"ಅಕ್ಕಾ..."

"ಟಿವಿ ಹಾಕೋ ಹಾಗಿಲ್ಲ, ಹಾಕಿದ್ರೆ ನೀನೇ ಬರ್ತೀಯ ಬೆರಳು ಚಾಚ್ಕೊಂಡು. ಪಕ್ಕದ ಮನೆಯವರು ಈ ಕಡೆಯ ಕಿಟಕಿ ಮುಚ್ಚಿದ್ದಾರೆ. ಬೀದಿಯಲ್ಲಿ ಬಟ್ಟೆ ಬಿಚ್ಚಿ, ಮನೆಯೊಳಗೆ ಬಂದು ಮಾನ ಮುಚ್ತೀಯಾ?"

"ಸಂಜೆ ಫೈನಲ್ ಆದ ಮೇಲೆ ಪ್ರಕಟಣೆ ಕೊಡ್ತಾರೆ."

ಹೇಳುತ್ತಿದ್ದ ಹಾಗೆಯೇ ಆ ಮಾತು ಎಷ್ಟು ಹೊಲಸು ಅಂತ ಅವಳಿಗೆ ತಿಳಿಯಿತು.

"ಮನೆಗೆ ಮಾರಿ, ಊರಿಗೆ ಉಪಕಾರಿ," ಅಂದಳು ಅಕ್ಕ. "ಚಿಕ್ಕವಳಿದ್ದಾಗ ಶಾಲೇಲಿ ನನ್ನ ಮೇಲೇ ಚಾಡಿ ಹೇಳಿ ಒಳ್ಳೆ ಹುಡುಗಿ ಅನ್ನಿಸ್ಕೊಂಡವಳು ನೀನು. ಆಗ ನಗ್ತಿದ್ವಿ."

ಭಾವ ಮೆಲ್ಲಗೆ, "ಸಾಕು ಬಿಡೆ," ಅಂದರು. ಅವರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ 'ಸಾಕು ಬಿಡೆ' ಅವಳನ್ನು ಇನ್ನಷ್ಟು ಕುಗ್ಗಿಸಿತು.

ಅವಳು ಕೂರಲಿಲ್ಲ. ಕೂರು ಅಂತ ಯಾರೂ ಹೇಳಿರಲಿಲ್ಲ. ಫೋನಿನಲ್ಲಿ ತೆಗೆದ ಚಿತ್ರವನ್ನು ಅಕ್ಕನ ಮುಂದೆ ಹಿಡಿದಳು.

"ಇದನ್ನ ಮಾಡಿದ್ದು ಯಾರು?"

ಅಕ್ಕ ಕನ್ನಡಕ ಮೇಲೇರಿಸಿ ನೋಡಿದಳು. ಮುಖದ ಕೋಪ ಒಂದೇ ಉಸಿರಿಗೆ ಇಳಿದುಹೋಯಿತು. ಅವಳು ಗಂಡನ ಕಡೆ ತಿರುಗಿದಳು. ಭಾವನ ಕೈಯಲ್ಲಿ ಪಟ್ಟಿ ಬಟ್ಟೆ ನಿಂತಿತ್ತು.

"ಹೇಳಬೇಡ," ಅಂದರು ಭಾವ.

"ಇನ್ನೆಷ್ಟು ಹೊರ್ತೀರಿ?" ಅಕ್ಕನ ದನಿ ಒಡೆಯಿತು. "ನನ್ನ ಕೆಲಸ ಅದು. ನಾನೇ ಮಾಡಿದ್ದು."

"ಆ ಟೊಳ್ಳು?"

"ಅದೂ ನಾನೇ. ಆ ಹುಡುಗಿ ತಾನೇ ಬಂದು ಕೇಳಿದ್ಲು, ಅಜ್ಜಿ. ದವಡೆ ನೋಯುತ್ತೆ, ನೋವಿನ ಮುಲಾಮು ಇಟ್ಕೊಳ್ಳೋಕೆ ಜಾಗ ಬೇಕು, ಯಾರಿಗೂ ಹೇಳಬೇಡಿ ಅಕ್ಕಾ ಅಂದ್ಲು. ಅಕ್ಕಾ ಅಂದ್ಲು ನೋಡು, ಕರಗಿಹೋದೆ. ಇಂಥದ್ದು ಮಾಡಬಾರದು ಅಂತ ನನಗೆ ಗೊತ್ತಿಲ್ಲವಾ? ಗೊತ್ತಿತ್ತು. ಮಾಡಿಕೊಟ್ಟೆ."

"ದವಡೆ ನೋವಲ್ಲ," ಅಂದರು ಭಾವ.

ಇಬ್ಬರೂ ಅವರ ಕಡೆ ತಿರುಗಿದರು.

"ತಲೆ. ಹಿಂದಿನ ಟೂರ್ನಿಯಲ್ಲಿ ಯಾರದೋ ಮಂಡಿ ತಾಗಿತ್ತು. ಆವತ್ತಿಂದ ತಲೆಸಿಡಿತ. ಕೆಲವು ಸಲ ಒಂದು ಚೆಂಡು ಎರಡಾಗಿ ಕಾಣುತ್ತೆ ಅಂತಾಳೆ." ಅವರು ಪಟ್ಟಿಯನ್ನು ಮಂಡಿಯ ಮೇಲೆ ಬಿಟ್ಟರು. "ಹೇಳಿದ್ರೆ ಆಟದಿಂದ ತೆಗೀತಾರೆ. ಇದೊಂದು ಟೂರ್ನಿ, ಆಮೇಲೆ ನಾನೇ ಬಿಟ್ಟುಬಿಡ್ತೀನಿ ಸಾರ್ ಅಂತ ನನ್ನ ಕಾಲು ಹಿಡಿದ್ಲು. ನಾನು ಮಾತು ಕೊಟ್ಟೆ. ಕೊಡಬಾರದಿತ್ತು."

"ನಿನ್ನೆ ನಾನು ಏನಾದ್ರೂ ಮುಚ್ಚಿಡ್ತಿದ್ದೀರಾ ಅಂತ ಕೇಳಿದಾಗ..."

"ಮುಚ್ಚಿಡ್ತಿದ್ದೆನಲ್ಲ, ತಲೆ ತಗ್ಗಿತು." ಒಂದು ಒಣ ನಗೆ ಬಂದು ಹೋಯಿತು. "ನೀನು ಕೇಳಿದ್ದು ಸರಿಯಾಗೇ ಇತ್ತು. ನೀನು ತಿಳ್ಕೊಂಡಿದ್ದು ಮಾತ್ರ ಬೇರೆ."

ಕೋಣೆಯಲ್ಲಿ ಮೂವರೂ ಮೂರು ಕಡೆ ನೋಡುತ್ತಿದ್ದರು. ಗಾರೆಯ ದವಡೆಗಳು ಹಲ್ಲು ಕಿರಿದು ಕೂತಿದ್ದವು. ಮೂವರಿಗೂ ಅವರವರ ಪಾಲಿನ ನಾಚಿಕೆ ಇತ್ತು, ಒಬ್ಬರದನ್ನು ಇನ್ನೊಬ್ಬರ ಮುಂದೆ ಹರಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಮೊದಲು ಅಲುಗಾಡಿದವಳು ಇನ್ಸ್‌ಪೆಕ್ಟರಮ್ಮ. ಅಂದರೆ ಮುಲಾಮಿನ ಜಾಗಕ್ಕೆ ಬೇರೆಯವರು ಔಷಧಿ ತುಂಬಿದ್ದಾರೆ. ಆ ಟೊಳ್ಳಿನ ಗುಟ್ಟು ಗೊತ್ತಿದ್ದವರು. ಅಷ್ಟೇ ಅಲ್ಲ...

"ಭಾವ, ಅವಳ ತಲೆಗೆ ಇನ್ನೊಂದು ಪೆಟ್ಟು ಬಿದ್ರೆ?"

"ಎಚ್ಚರದಲ್ಲಿದ್ದು ಬಿದ್ರೆ ಕೈ ಊರ್ತಾಳೆ, ತಲೆ ಕಾಪಾಡ್ಕೊಳ್ತಾಳೆ. ನಿದ್ದೆಗಣ್ಣಲ್ಲಿ ಬಿದ್ರೆ..." ಅವರು ಮುಗಿಸಲಿಲ್ಲ. "ಯಾಕೆ? ಅವಳು ಆಸ್ಪತ್ರೇಲಿ ತಾನೇ ಇದ್ದಾಳೆ?"

ಅಕ್ಕ ಆಗಲೇ ಟಿವಿ ಹಾಕಿದ್ದಳು.

ಮೈದಾನದ ಅಂಚಿನಲ್ಲಿ ಮಧ್ಯಾಹ್ನದ ಸೆಮಿಫೈನಲ್ಲಿಗೆ ಎರಡೂ ತಂಡಗಳು ಸಾಲಾಗಿ ನಿಂತಿದ್ದವು. ಈ ಕಡೆಯ ಏಳು ಹುಡುಗಿಯರ ಸಾಲಿನಲ್ಲಿ ಮೊದಲಿಗಳು, ತೋಳಿಗೆ ನಾಯಕಿಯ ಪಟ್ಟಿ ಬಿಗಿದುಕೊಂಡವಳು, ಅಜ್ಜಿ. ಮುಖ ಬಿಳಿಚಿತ್ತು. ಆದರೂ ಪಕ್ಕದವಳ ಕಾಲರು ಸರಿಮಾಡಿ ಏನೋ ಗದರುತ್ತಿದ್ದಳು. ಜನ ಹುಚ್ಚೆದ್ದು ಕೂಗುತ್ತಿದ್ದರು. ಆ ಕೂಗು ಟಿವಿಯಲ್ಲಿ ಒಮ್ಮೆ, ಕಿಟಕಿಯಲ್ಲಿ ಒಮ್ಮೆ ಕೇಳಿತು.

ಇನ್ಸ್‌ಪೆಕ್ಟರಮ್ಮ ಅಧ್ಯಕ್ಷರಿಗೆ ಫೋನು ಮಾಡಿದಳು. ಅಕ್ಕನಿಗೂ ಕೇಳಲಿ ಅಂತ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು.

"ನಾನು ಸಂಜೆವರೆಗೆ ಕಾಯೋದಿಲ್ಲ. ನಮ್ಮ ಭಾವ ನಿರಪರಾಧಿ ಅಂತ ಈಗಲೇ ಬಂದು, ಯಾರೆದುರು ಹೇಳಿದ್ದೆನೋ ಅವರೆದುರೇ ಹೇಳ್ತೀನಿ. ಮತ್ತೆ ಆ ಹುಡುಗೀನ ಆಡಿಸಬೇಡಿ. ಔಷಧಿ ಇದ್ದದ್ದು ಮೌತ್‌ಗಾರ್ಡಿನಲ್ಲಿ. ಕಿಟ್ ಕೋಣೆಯದು ಯಾವುದೂ ಅವಳ ಬಾಯಿಗೆ ಹೋಗಬಾರದು."

"ಅಯ್ಯೋ, ಎಷ್ಟು ಗಾಬರಿ ನಿಮಗೆ," ಅಂತು ಆ ಮೆಲುದನಿ. "ಡಾಕ್ಟರು ಒಪ್ಪಿದ ಮೇಲೇ ಇಳಿಸಿದ್ದು. ಮೌತ್‌ಗಾರ್ಡಿನ ಚಿಂತೆ ಬಿಡಿ, ಹೊಸದು ಒಂದನ್ನ ನಾನೇ ಕೈಯಾರೆ ಕೊಟ್ಟಿದ್ದೀನಿ. ನೀವು ಮನೇಲಿ ಸ್ವಲ್ಪ ವಿಶ್ರಾಂತಿ ತಗೊಳ್ಳಿ."

ಫೋನು ಕಟ್ಟಾಯಿತು.

"ಸದ್ಯ," ಅಂದಳು ಇನ್ಸ್‌ಪೆಕ್ಟರಮ್ಮ. ಉಸಿರು ಬಿಟ್ಟು ಅಕ್ಕನ ಕಡೆ ತಿರುಗಿದರೆ, ಅಕ್ಕ ಗೋಡೆಗೆ ಒರಗಿಕೊಂಡಿದ್ದಳು. ಮೊಣಕೈಯ ಬಿಳುಪು ಮುಖಕ್ಕೂ ಏರಿದಂತಿತ್ತು.

"ಈ ದನಿ," ಅಂದಳು ಅಕ್ಕ. "ಇವರೇ ಬೆಳಗ್ಗೆ ಬಂದಿದ್ರು."

"ಯಾರು? ಎಲ್ಲಿಗೆ?"

"ಇಲ್ಲಿಗೆ. ನಾನು ಅಂಥವು ಎರಡು ಮಾಡಿದ್ದೆ. ಒಂದನ್ನ ಅಜ್ಜಿ ಒಯ್ದಿದ್ಲು, ಇನ್ನೊಂದರ ಅಂಚು ಚುಚ್ಚುತ್ತೆ ಅಂತ ತಿದ್ದೋಕೆ ಇಟ್ಕೊಂಡಿದ್ದೆ. ಬೆಳಗ್ಗೆ ಈ ಮನುಷ್ಯ ಬಂದು, ನಿಮ್ಮ ತಂಗಿ ಕಳಿಸಿದ್ದಾರೆ, ತನಿಖೆಗೆ ಅದು ಬೇಕಂತೆ ಅಂದ್ರು. ನಿನ್ನ ಹೆಸರು ಕೇಳಿದ್ದೇ ಸಿಟ್ಟು ಬಂತು. ಮುಖವೂ ನೋಡದೆ ಎತ್ತಿ ಕೊಟ್ಟು ಕಳಿಸಿದೆ."

ಬೆಳಗ್ಗೆ. ಮೌತ್‌ಗಾರ್ಡ್ ಅನ್ನೋದೊಂದಿದೆ ಅಂತ ತನಗೇ ಹೊಳೆಯದ ಹೊತ್ತಿನಲ್ಲಿ.

ಯೋಚಿಸಲು ಸಮಯವಿರಲಿಲ್ಲ. ಅವಳು ಕಿಟ್ಟಮ್ಮನಿಗೆ ಫೋನು ಮಾಡಿದಳು. ಮೈದಾನದ ಗದ್ದಲದ ನಡುವೆ ಕಿಟ್ಟಮ್ಮನ ಹಲೋ ಕೇಳಿತು. ಟಿವಿಯಲ್ಲೂ ಕಾಣುತ್ತಿತ್ತು, ಬೆಂಚಿನ ತುದಿಯಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೂತ ಹೆಂಗಸು.

"ಕಿಟ್ಟಮ್ಮ, ಓಡಿ ಹೋಗಿ ಅಜ್ಜಿ ಬಾಯಿಂದ ಮೌತ್‌ಗಾರ್ಡ್ ತೆಗೆಸಿ. ಅದರಲ್ಲೂ ಔಷಧಿ ಇದೆ."

"ಯಾರು ಹಾಕಿದ್ದು?"

"ಅಧ್ಯಕ್ಷರು."

"ನಿನ್ನೆ ಫಿಸಿಯೋ ಸಾರು, ಇವತ್ತು ಅಧ್ಯಕ್ಷರು," ಅಂದಳು ಕಿಟ್ಟಮ್ಮ. "ನಾಳೆ? ನಿಮ್ಮ ಮಾತು ಕೇಳಿ ನಿನ್ನೆ ಒಬ್ಬ ಒಳ್ಳೆ ಮನುಷ್ಯನ್ನ ಕತ್ತು ಹಿಡಿದು ದಬ್ಬಿದ್ದಾಯ್ತು. ಮತ್ತೊಮ್ಮೆ ನಂಬೋಕೆ ನಂಗೆ ಮುಖ ಇಲ್ಲಮ್ಮ."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅನ್ನುತ್ತಾರೆ. ಹೋದದ್ದು ಮಾನ ಮಾತ್ರ ಅಂದುಕೊಂಡಿದ್ದಳು. ಈಗ ಅವಳು ನಿಜ ಹೇಳಿದರೂ ಅದು ನಿಜದ ಬೆಲೆಗೆ ಹೋಗುತ್ತಿರಲಿಲ್ಲ. ಅಷ್ಟು ದೂರದಲ್ಲಿ ಒಂದು ಹುಡುಗಿಯ ತಲೆ, ಇಲ್ಲಿ ತನ್ನ ಬೆಲೆಯಿಲ್ಲದ ಬಾಯಿ.

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಭಾವನ ಮುಂದೆ ಚಾಚಿದಳು.

"ನನ್ನನ್ನ ನಂಬೋದಿಲ್ಲ ಭಾವ. ನಿಮ್ಮನ್ನ ನಂಬ್ತಾರೆ. ನಿಮ್ಮ ಕಾಲಿಗೆ ಬೀಳ್ತೀನಿ, ನೀವು ಹೇಳಿ."

ಭಾವ ಅವಳ ಮುಖ ನೋಡಲಿಲ್ಲ. ಫೋನು ತಗೊಂಡರು. "ಕಿಟ್ಟಮ್ಮ, ನಾನು," ಅಂದರು. "ಅವಳು ಹೇಳ್ತಿರೋದು ನಿಜ. ಓಡು."

ಟಿವಿಯಲ್ಲಿ ಕಿಟ್ಟಮ್ಮ ಎದ್ದಳು. ಮಡಿಲಲ್ಲಿದ್ದ ಟವೆಲುಗಳು ಉದುರಿದವು. ಗೆರೆ ದಾಟಿ, ಅಡ್ಡ ಬಂದ ಅಧಿಕಾರಿಯ ತೋಳಿನ ಕೆಳಗೆ ನುಸುಳಿ, ಸೊಂಟ ಹಿಡಿದುಕೊಂಡೇ ಓಡಿದಳು. ಅಜ್ಜಿ ತಿರುಗಿದಳು. ಕಿಟ್ಟಮ್ಮ ಅವಳ ಕಿವಿಗೆ ಬಾಯಿಟ್ಟು ಏನೋ ಹೇಳಿದಳು. ಕೈ ಮಾಡಿ ತೋರಿಸಿದಳು, ತೆಗಿ, ತೆಗಿ ಅಂತ.

ಅಜ್ಜಿ ಬಾಯಿಂದ ಮೌತ್‌ಗಾರ್ಡ್ ತೆಗೆದಳು.

"ಸದ್ಯ ಬದುಕ್ಕೊಂಡ್ಲು," ಅಂದಳು ಅಕ್ಕ. ಅವಳ ಕೈ ಗೊತ್ತಿಲ್ಲದೆಯೇ ತಂಗಿಯ ತೋಳು ಹಿಡಿದಿತ್ತು.

ಕ್ಯಾಮೆರಾ ಹತ್ತಿರ ಹೋಯಿತು. ಅಜ್ಜಿ ಅಂಗೈಯಲ್ಲಿದ್ದುದನ್ನು ಮಗುಚಿ, ಕೆನ್ನೆಗೆ ತಾಗುವ ಕಡೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ಹೆಬ್ಬೆರಳಿಗೆ ಬಿಳಿಯದೇನೋ ಅಂಟಿತು. ಅವಳು ಅದನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಬೆಚ್ಚಲಿಲ್ಲ. ಯಾರನ್ನೂ ಕರೆಯಲಿಲ್ಲ, ಅಧ್ಯಕ್ಷರು ಕೂತ ಕಡೆಗೆ ಒಮ್ಮೆ ಕಣ್ಣೆತ್ತಿದಳು, ಅಷ್ಟೇ.

ಆಮೇಲೆ ಕಿಟ್ಟಮ್ಮನ ಕೆನ್ನೆ ತಟ್ಟಿ, ಎಲ್ಲ ಗೊತ್ತು ಅನ್ನುವ ಹಾಗೆ ತಲೆಯಾಡಿಸಿ, ಅದನ್ನು ಮತ್ತೆ ಬಾಯಿಗೆ ಇಟ್ಟುಕೊಂಡು ಗಟ್ಟಿಯಾಗಿ ಕಚ್ಚಿದಳು.

ಭಾವನ ಕೈಯಿಂದ ಫೋನು ಜಾರಿತು.

ಮೈದಾನದಲ್ಲಿ ಸೀಟಿ ಊದಿದರು. ಎದುರು ತಂಡದವರು ಒದ್ದ ಚೆಂಡು ಎತ್ತರಕ್ಕೆ ಏರಿ, ನೇರ ಅಜ್ಜಿಯ ಕಡೆಗೇ ಇಳಿಯತೊಡಗಿತು.